ಎರಡನೆಯ ಸೀಟು

ಕತ್ತರಿ ‘ಚಿ.’ ಎಂಬ ಅಕ್ಷರದ ಹತ್ತಿರ ಬಂದು ನಿಂತಿತು. ಹಿಂದೆ ಸರಿಯಿತು. ಅದನ್ನು ತಾಗದೆ ಬಳಸಿಕೊಂಡು ಮುಂದೆ ಹೋಯಿತು.

ನಾನು ಹುಟ್ಟಿದ್ದು ಹೀಗೆ: ಗದಗಿನ ಒಂದು ಪ್ರೆಸ್ಸಿನಲ್ಲಿ, ಹಂಚದೆ ಉಳಿದ ಲಗ್ನಪತ್ರಿಕೆಗಳಿಂದ. ನಾನೊಂದು ಕಾಗದದ ರಾಕೆಟ್ ವಿಮಾನ. ನಿಜವಾದದ್ದು, ಮದುವೆಗೆ ಮೊದಲೇ, ಪ್ರಯೋಗದ ಹಾರಾಟದಲ್ಲಿ ಸಮುದ್ರಕ್ಕೆ ಬಿತ್ತು. ಅದನ್ನು ಹಾರಿಸುತ್ತಿದ್ದ ಶಾಂತವೀರ ಸಿಗಲೇ ಇಲ್ಲ. ಪ್ರೆಸ್ಸಿನ ಚಂಬಣ್ಣ ಅವನ ಅಪ್ಪ. ಮಗನ ಮದುವೆಯ ಪತ್ರಿಕೆಯನ್ನು ತಾನೇ ಅಚ್ಚು ಹಾಕಿದ್ದ: ಚಿ. ಶಾಂತವೀರ, ಚಿ. ಸೌ. ಶಾಂಭವಿ. ಚಿರಂಜೀವಿ ಎಂಬುದರ ಆ ಮೊದಲಕ್ಷರವನ್ನು ಕತ್ತರಿಸಲು ಅವನಿಗೆ ಕೈ ಬರಲಿಲ್ಲ.

ಮಗ ಕಳಿಸಿದ್ದ ಫೋಟೊ ನೋಡಿ, ಅಳತೆ ಇಳಿಸಿ, ನನ್ನನ್ನು ಕಟ್ಟಿದ. ಹುಳ ಹತ್ತದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸಿದ. ಊದುಬತ್ತಿಯ ಕಡ್ಡಿಗೆ ಕಾಗದ ಸುತ್ತಿ ಕೊಳವೆ ಮಾಡಿದ. ಸೂಜಿಯಿಂದ ಒತ್ತಿ ಒತ್ತಿ ರಿವೆಟ್ ಮೂಡಿಸಿದ. ಅಕ್ಷರಗಳೆಲ್ಲ ಒಳಮುಖ, ಹೊರಗೆ ಬಿಳಿ ಬಣ್ಣ. ಆದರೆ ದೇವರ ಮುಂದಿಟ್ಟಿದ್ದ ಪತ್ರಿಕೆಯ ಅರಿಷಿಣ ನನ್ನ ಎಡರೆಕ್ಕೆಯಲ್ಲಿತ್ತು. ಎಷ್ಟು ಬಳಿದರೂ ಹಳದಿ ಮೇಲೆ ಬರುತ್ತಿತ್ತು.

“ಹಟಾ ಬಿಡೂದಿಲ್ಲಲ್ಲೋ ನೀ,” ಎಂದು ರೆಕ್ಕೆಯನ್ನು ಬೈಯುತ್ತಿದ್ದ.

ಗಾಳಿ ಇಲ್ಲದಾಗಲೂ ನನ್ನ ಹೊಟ್ಟೆಯಲ್ಲಿ ಏನೋ ಸರಗುಟ್ಟುತ್ತಿತ್ತು. ಅವನು ಕಿವಿಯಿಟ್ಟು, “ಬಂದ್ಯೇನಪಾ?” ಅನ್ನುತ್ತಿದ್ದ. ಒಳಗೆ ಯಾರಿದ್ದಾರೆಂದು ನನಗೂ ಗೊತ್ತಿರಲಿಲ್ಲ.

ನನ್ನ ಬಿಳಿ ಮಾಸಿದ ಮೇಲೆ ಒಂದು ಮಧ್ಯಾಹ್ನ ಶಾಂಭವಿ ಬಂದಳು. ಮೇಜಿನ ಮೇಲೆ ಒಂದು ಪತ್ರಿಕೆ ಇಟ್ಟಳು. ಅದರಲ್ಲಿ ಅವಳ ಹೆಸರಿನ ಜೊತೆ ಬೇರೆ ಹೆಸರಿತ್ತು.

ಚಂಬಣ್ಣ ಅದನ್ನು ಬೆರಳಲ್ಲಿ ಉಜ್ಜಿ ನೋಡಿದ. “ಕಾಗದ ಛಲೋ ಐತಿ. ಎಲ್ಲಿ ಹಾಕಿಸೀರಿ?”

“ಹುಬ್ಬಳ್ಳ್ಯಾಗ, ಮಾವಾರ. ನಿಮ್ಮನ್ನ ಕೇಳಾಕ ಅಪ್ಪಗ ಬಾಯಿ ಬರಲಿಲ್ಲ.” ಆಮೇಲೆ ಅಂದಳು, “ಲಗ್ನದಾಗ ಅಕ್ಕಿಕಾಳು ಹಾಕಾಕ ನೀವು ಬರಬೇಕ್ರಿ.”

ಅವನು ಪತ್ರಿಕೆಯನ್ನು ಪಕ್ಕಕ್ಕಿಟ್ಟ. ಎರಡೂ ಅಂಗೈಯಲ್ಲಿ ನನ್ನನ್ನೆತ್ತಿ ಅವಳ ಮುಂದೆ ಹಿಡಿದ. “ತಗೊಂಡು ಹೋಗವ್ವಾ. ನಿನಗಂತನ ಕಟ್ಟೀನಿ.”

ಅವಳು ಬಗ್ಗಿ ಒಳಗೆ ನೋಡಿದಳು. ಮುಂದಿನ ಸೀಟಿನ ಬೆನ್ನಿಗೆ ಶಾಂತವೀರನ ಹೆಸರು, ‘ಚಿ.’ ಸಮೇತ. ಅದರ ಹಿಂದೆ ಇನ್ನೊಂದು ಸೀಟು. ಅದರ ಬೆನ್ನಿಗೆ ಅವಳದು.

“ಇದು ಒಬ್ಬರ ಕೂಡೋ ವಿಮಾನರೀ, ಮಾವಾರ,” ಅಂದಳು. “ಕಾಲು ಚಾಚಾಕ ಜಾಗಿಲ್ಲ ಅಂತ ಅವರ ನಗತಿದ್ರು.”

“ಎಲ್ಲಾ ಅಳತಿ ಬರೋಬ್ಬರಿ ಅದಾವು. ಇದೊಂದ ನಾ ಹೆಚ್ಚಿಗಿ ಮಾಡೀನಿ. ಅಂವ ಒಬ್ಬನ ಎಷ್ಟಂತ ಕುಂತಿರತಾನವ್ವಾ?”

ನನ್ನ ಹೊಟ್ಟೆಯಲ್ಲಿ ಸರಗುಟ್ಟಿತು. ಈ ಸಲ ಅವಳಿಗೂ ಕೇಳಿಸಿತು. ಚಂಬಣ್ಣನ ಕೈ ಅಲುಗಿರಲಿಲ್ಲ. ಆದರೂ ನನ್ನ ಮೂತಿ ಮೆಲ್ಲಗೆ ಅವಳ ಕಡೆ ತಿರುಗಿತು. ತಿರುಗಿಸಿದ್ದು ನಾನಲ್ಲ. ಎರಡನೆಯ ಸೀಟು ಖಾಲಿಯೇ ಇರಲಿ ಎಂದು ನಾನು, ಬರೀ ಕಾಗದ, ಬೇಡಿಕೊಂಡೆ.

ಶಾಂಭವಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದಳು.

“ಒಲ್ಲೆ,” ಅಂದಳು.