ಅಗಳಿ ಹಾಕಿದ ಮೇಲೆ

ಇಂಗ್ಲೆಂಡಿನ ದೊರೆಗೂ ಫ್ರಾನ್ಸಿನ ದೊರೆಗೂ ಜಗಳ ಶುರುವಾದಾಗ ತಿಬೋನ ತಾತ ಇನ್ನೂ ಹುಟ್ಟಿರಲಿಲ್ಲ. ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಮೃತ್ಯು ಎನ್ನುತ್ತಾರಲ್ಲ, ಹಾಗೆ ನಾರ್ಮಂಡಿಯ ಆ ಪುಟ್ಟ ಊರು ಮೂರು ಸಲ ಸುಟ್ಟುಹೋಗಿತ್ತು.

ತಿಬೋ ಚರ್ಚಿನ ಗೋಪುರದ ಕಾವಲುಗಾರ. ದೂರದಲ್ಲಿ ಸವಾರರ ಧೂಳು ಕಂಡರೆ ಅವನು ಗಂಟೆ ಬಡಿಯಬೇಕು, ಜನ ಓಡಿಬಂದು ಚರ್ಚಿನೊಳಗೆ ಸೇರಬೇಕು. ದನಗಳಿಗೂ ಅದು ಎಷ್ಟು ರೂಢಿಯಾಗಿತ್ತೆಂದರೆ, ಅವನ್ನು ಒಳಗೆ ಹೊಡೆದುಕೊಂಡು ಬರುವವರೇ ಬೇಕಿರಲಿಲ್ಲ. ಒಮ್ಮೆ ಅಗಳಿ ಹಾಕಿದ ಮೇಲೆ ಯಾರು ತಟ್ಟಿದರೂ ಬಾಗಿಲು ತೆಗೆಯಬಾರದು, ಅದು ಊರಿನ ಕಟ್ಟಳೆ.

ನಾಲ್ಕು ವರ್ಷದ ಹಿಂದೆ ಹಾಗೆ ತಟ್ಟಿದವಳು ಅವನ ಹೆಂಡತಿ ಎರ್ಮಿನ್. ಸವಾರರು ಅವಳ ಬೆನ್ನಿಗೇ ಇದ್ದರು. ತಿಬೋ ಅಗಳಿಗೆ ಬೆನ್ನು ಕೊಟ್ಟು ನಿಂತ. ಒಳಗಿದ್ದ ಎಪ್ಪತ್ತು ಜನ ಉಳಿದರು. ಅಂದಿನಿಂದ ಗಂಟೆ ಬಡಿದಾಗಲೆಲ್ಲ ಕೆಳಗೆ ಯಾರೋ ಬಾಗಿಲು ತಟ್ಟಿದ ಸದ್ದು ಅವನಿಗೆ ಕೇಳುತ್ತಿತ್ತು.

ಈಗ ದೊರೆಗಳ ನಡುವೆ ಸಂಧಾನವಾದ ಸುದ್ದಿ ಬಂದಿತ್ತು. ಚರ್ಚಿನ ಅಂಗಳದಲ್ಲಿ ಜನ ಸೇಬಿನ ಮದ್ಯದ ಪೀಪಾಯಿ ಉರುಳಿಸಿಕೊಂಡು ಬಂದಿದ್ದರು.

"ಬಾರಿಸಪ್ಪ ತಿಬೋ. ಇವತ್ತು ಸಂತೋಷಕ್ಕೆ," ಎಂದರು ಪಾದ್ರಿಗಳು.

"ಬೇರೆ ಯಾರಿಗಾದ್ರೂ ಹೇಳಿ ಸ್ವಾಮಿ. ನಾನು ಬಾರಿಸಿದ್ರೆ ಅವಳು ಬರ್ತಾಳೆ."

ಎರ್ಮಿನ್‌ಳ ತಾಯಿ ಪೆರೆಟ್ ಅಲ್ಲೇ ಕೂತಿದ್ದಳು. "ಸತ್ತೋಳಿಗೆ ಹೆದರ್ತೀರಾ ಅಳಿಯಂದ್ರೇ? ಬದುಕಿದ್ದಾಗ ಹೆದರಿದ್ದಿದ್ರೆ ಬಾಗ್ಲಾದ್ರೂ ತೆಗೀತಿದ್ರಿ."

ತಿಬೋ ಚರ್ಚಿನೊಳಗೆ ಹೋದ. ಅವಳು ಬಾರದಿರಲಿ ಎಂದು ಮೊದಲೇ ಅಗಳಿ ಹಾಕಿ, ಮೇಲೆ ಹತ್ತಿ ಹಗ್ಗ ಹಿಡಿದ. ಸಂತೋಷಕ್ಕೆ ಗಂಟೆಯನ್ನು ನಿಧಾನವಾಗಿ ತೂಗಬೇಕು. ಆದರೆ ಅವನ ಕೈಗೆ ಗೊತ್ತಿದ್ದದ್ದು ಅಪಾಯದ ಬಡಿತ ಒಂದೇ, ಅದನ್ನೇ ಬಡಿದ.

ಕೆಳಗೆ ಬಾಗಿಲು ತಟ್ಟಿದ ಸದ್ದಾಯಿತು. ಈ ಸಲ ಇಡೀ ಗೋಪುರ ಅದುರುವಂತಿತ್ತು.

ಅವನು ಮೆಟ್ಟಿಲಿಳಿದು ಬಂದ. ಅಗಳಿಯ ಮೇಲೆ ಕೈಯಿಟ್ಟು ಅಂದಿನಂತೆಯೇ ನಿಂತ. ಭಯಕ್ಕಿಂತ ನಾಚಿಕೆ ಹೆಚ್ಚಾಯಿತು. ಎಳೆದುಬಿಟ್ಟ.

ಎದುರಿಗೆ ಎರ್ಮಿನ್ ಸಾಕಿದ್ದ ಕಂದು ಹಸು ಕೊಂಬಿನಿಂದ ಕದವನ್ನು ಗುದ್ದುತ್ತಿತ್ತು. ಅದರ ಹಿಂದೆ ಊರಿನ ದನಗಳೆಲ್ಲ ಇದ್ದವು. ಅವು ಒಂದೊಂದಾಗಿ ಒಳಗೆ ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತವು. ಅಂಗಳದ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಪೆರೆಟ್ ಹತ್ತಿರ ಬಂದಳು. "ಎಲ್ಲಾ ಬಂದಾಯ್ತಲ್ಲ, ಕದ ಹಾಕಿ."

"ಸ್ವಲ್ಪ ಇರಿ ಅತ್ತೆ," ಎಂದ ತಿಬೋ, ಒಂದು ಕದವನ್ನು ತೆರೆದೇ ಹಿಡಿದು ಖಾಲಿ ದಾರಿಯನ್ನೇ ನೋಡುತ್ತ. "ಇನ್ನೂ ಒಬ್ಬಳು ಬರಬೇಕು."

ಮುದುಕಿ ಇನ್ನೊಂದು ಕದವನ್ನು ತಾನು ಹಿಡಿದು ನಿಂತಳು.