ಜೀಪಿಗೆ ಒಡೆದ ಬೂದುಗುಂಬಳ

ಅವ್ವನನ್ನು ಕೋರ್ಟಿನ ಬೆಂಚಿನ ಮೇಲೆ ಕೂರಿಸಿ, ವಕೀಲೆ ಮೆಹಜಬೀನ್ ಕೈಗೆ ಒಪ್ಪಿಸಿ, ಸುನಿತಾ ಒಂದೇ ಉಸಿರಿಗೆ ಪೀರ್ ಸಾಬ್ ಗ್ಯಾರೇಜಿಗೆ ಬಂದಿದ್ದಳು.

ಬೇಸಿಗೆಯಲ್ಲಿ ಕೊಂಡ್ಲಹಳ್ಳಿಯ ರಸ್ತೆಬದಿ ಕೂಲಿಗೆ ನಡೆದು ಹೋಗುತ್ತಿದ್ದ ಅವಳ ಅವ್ವ ಚಿಕ್ಕಕ್ಕನಿಗೆ ಪೊಲೀಸ್ ಜೀಪು ಗುದ್ದಿತ್ತು. ತೊಡೆಗೆ ಹಾಕಿದ ರಾಡು ಸರಿಯಾಗಿ ಕೂರಲಿಲ್ಲ. ಇನ್ನೊಂದು ಆಪರೇಷನ್ ಆಗದಿದ್ದರೆ ಆ ಕಾಲು ಮತ್ತೆ ನೆಲಕ್ಕೆ ಊರುವುದಿಲ್ಲ ಎಂದಿದ್ದರು ಡಾಕ್ಟರು. ಪರಿಹಾರಕ್ಕೆ ಕೇಸು ಹಾಕಿದರೆ, ಜೀಪು ಯಾರಿಗೂ ತಾಗಿಯೇ ಇಲ್ಲ, ಹೆಂಗಸು ಟ್ರ್ಯಾಕ್ಟರಿನಿಂದ ಬಿದ್ದಿದ್ದಾಳೆ ಎಂದು ಪೊಲೀಸರು ಬರೆದುಕೊಟ್ಟರು. ಕಂಡವರು ಬಾಯಿ ಬಿಡಲಿಲ್ಲ. ಆ ಜೀಪಿನ ನೆಗ್ಗಿದ ಬಂಪರು ತಟ್ಟಿ ಸರಿಮಾಡಿದ್ದು ಪೀರ್ ಸಾಬ್ ಎಂದು ಬೆಳಿಗ್ಗೆ ಬಸ್ಸಿನಲ್ಲಿ ಯಾರೋ ಅಂದಿದ್ದರು, ಅಷ್ಟೇ.

"ಚಾಚಾ, ಒಂದು ಸಲ ಕೋರ್ಟಿಗೆ ಬಂದು ಕಂಡಿದ್ದು ಹೇಳ್ರಿ. ಕೈ ಮುಗೀತೀನಿ."

ಪೀರ್ ಸಾಬ್ ಲಾರಿಯಡಿಯಿಂದ ತೆವಳಿ ಹೊರಬಂದ. "ನಾನು ಬರಲ್ಲ ಬೇಟಿ. ಠಾಣೆ ಗಾಡಿಗಳೆಲ್ಲ ನನ್ನ ಹತ್ರಾನೇ ಬರ್ತಾವೆ. ನಾಳೆ ರೋಡಲ್ಲಿ ಗಾಡಿ ನಿಲ್ಸಿದ್ದೀಯಾ ಅಂತ ನನ್ನ ಮೇಲೇ ಕೇಸ್ ಜಡೀತಾರೆ."

"ಕಾಲು ಮುರಿದಾಗ್ಲೂ ಅವ್ವ ಇಷ್ಟು ಅತ್ತಿರಲಿಲ್ಲ ಚಾಚಾ. ಸುಳ್ಳು ಹೇಳ್ತಾಳೆ ಅಂತ ಬರೆದ್ರಲ್ಲ, ಅದಕ್ಕೆ ಅಳ್ತಾಳೆ."

ಅವನು ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿದ. ಒರೆಸುತ್ತಲೇ ಇದ್ದ.

"ನನ್ನನ್ನ ಯಾಕೆ ಕೇಳ್ತೀಯಾ? ಆ ಜೀಪಿನ ಡ್ರೈವರ್ ಬಾಲರಾಜುನ್ನೇ ಕೋರ್ಟಲ್ಲಿ ಕೇಳಿಸು. ನೋಡು, ಸರ್ವಿಸಿಗೆ ಬಂದ ಗಾಡಿಗೆ ನಮ್ಮಲ್ಲಿ ಯಾವ ಶಾಂತೀನೂ ಇಲ್ಲ. ಮನುಷ್ಯರಿಗೆ ಗುದ್ದಿದ ಗಾಡಿ ಬಂದ್ರೆ ಗೇಟಲ್ಲೇ ಬೂದುಗುಂಬಳ ಒಡೀಬೇಕು. ಇಲ್ಲಾಂದ್ರೆ ನನ್ನ ಹುಡುಗರು ಸ್ಪ್ಯಾನರ್ ಮುಟ್ಟಲ್ಲ. ನಮ್ಮಪ್ಪನ ಕಾಲದಿಂದ ಹಂಗೇ. ಆ ಬಾಲರಾಜುನೇ ಕುಂಬಳಕಾಯಿ ತಂದ, ಮಾರಮ್ಮನ ಹೆಸರು ಹೇಳಿ ಅವನೇ ಒಡೆದ."

"ಅದನ್ನೂ ಇಲ್ಲ ಅಂದುಬಿಟ್ರೆ?"

"ಗುದ್ದಿಲ್ಲ ಅಂತಾನೆ, ಠಾಣೆ ಸಾಹೇಬರು ಹೇಳಿಕೊಟ್ಟವ್ರೆ. ಒಡೆದಿಲ್ಲ ಅನ್ನಲಿ ನೋಡಾಣ! ಹಂಗಂದ್ರೆ ಶಾಂತಿ ಮಾಡಿದ್ದು ಮಾಡಿದಂಗಾಗಲ್ಲ, ದೋಷ ಅವನ ಮನೆಗೇ ತಿರುಗ್ತೈತೆ. ಏನ್ ನೋಡ್ತಾ ನಿಂತೆ? ಓಡೇ!"

ಸುನಿತಾ ಓಡಿದಳು. ಚಪ್ಪಲಿ ಕಾಲಿಗೆ ತೊಡರಿತು, ಬಿಚ್ಚಿ ಕೈಯಲ್ಲಿ ಹಿಡಿದಳು. ಎಣ್ಣೆ ಮಿಲ್ಲಿನ ಮುಂದೆ ಶೇಂಗಾ ಲೋಡಿನ ಲಾರಿಗಳು ಅಡ್ಡ ನಿಂತಿದ್ದವು. ಅವುಗಳ ಸಂದಿಯಲ್ಲಿ ನುಸುಳಿದಳು. "ಏಯ್, ಸಾಯೋಕೆ ನನ್ನ ಗಾಡೀನೇ ಬೇಕಾ?" ಎಂದು ಒಬ್ಬ ಕೂಗಿದ್ದು ಹಿಂದೆಲ್ಲೋ ಉಳಿಯಿತು.

ಕೋರ್ಟ್ ಹಾಲಿಗೆ ನುಗ್ಗುವಾಗ ಬಾಲರಾಜು ಕಟಕಟೆಯಲ್ಲಿದ್ದ. ಮೆಹಜಬೀನ್ ಪ್ರಶ್ನೆ ಕೇಳುತ್ತಿದ್ದಳು.

"ಜೀಪು ಗ್ಯಾರೇಜಿಗೆ ಹೋಗಿದ್ದು ನಿಜ ತಾನೆ?"

"ಸರ್ವಿಸಿಗೆ ಹೋಗಿತ್ತು ಮೇಡಂ."

"ಯಾರಿಗಾದ್ರೂ ಡಿಕ್ಕಿ ಆಗಿತ್ತಾ?"

"ಇಲ್ಲ." ಪಾಠ ಒಪ್ಪಿಸಿದ ಹಾಗೆ ಬಂತು ಉತ್ತರ. ಸರ್ಕಾರಿ ವಕೀಲರು ಆಗಲೇ ಫೈಲು ಕಟ್ಟುತ್ತಿದ್ದರು.

ಸುನಿತಾ ಹಿಂದಿನಿಂದ ಮೆಹಜಬೀನ್‌ಳ ಕರಿಕೋಟು ಜಗ್ಗಿ, ಏದುಸಿರಿನಲ್ಲೇ ಅವಳ ಕಿವಿಯಲ್ಲಿ ಉಸುರಿದಳು. ವಕೀಲೆಯ ಹುಬ್ಬು ಮೇಲೇರಿತು.

"ಇನ್ನೊಂದೇ ಪ್ರಶ್ನೆ ಸ್ವಾಮಿ. ಬಾಲರಾಜು, ಗ್ಯಾರೇಜಿನ ಗೇಟಲ್ಲಿ ಜೀಪಿಗೆ ನೀವು ಬೂದುಗುಂಬಳ ಒಡೆದಿರಾ?"

ಹಾಲಿನಲ್ಲಿ ನಗೆ ಎದ್ದಿತು. ಸರ್ಕಾರಿ ವಕೀಲರೂ ಎದ್ದರು. "ಇದೇನು ಕೋರ್ಟೋ ತರಕಾರಿ ಸಂತೆಯೋ? ಆಯುಧಪೂಜೆಗೆ ಊರಿನ ಎಲ್ಲಾ ಗಾಡಿಗೂ ಒಡೀತಾರೆ ಸ್ವಾಮಿ!"

"ಇದು ಯುಗಾದಿ ಆದಮೇಲಿನ ಮಾತು. ಯುಗಾದಿ ಬೆನ್ನಿಗೇ ಆಯುಧಪೂಜೆ ಬಂತಾ, ಅದನ್ನೂ ಕೇಳೋಣ" ಎಂದಳು ಮೆಹಜಬೀನ್.

ನ್ಯಾಯಾಧೀಶರು ಕನ್ನಡಕ ತೆಗೆದು ಕಟಕಟೆಯತ್ತ ನೋಡಿದರು. "ಉತ್ತರ ಹೇಳಿ."

ಬಾಲರಾಜು ಬಾಯಿ ತೆರೆದ. 'ಇಲ್ಲ' ಅನ್ನಲು ಹೊರಟ ತುಟಿ ಹಾಗೇ ನಿಂತಿತು. ಕೈ ತಾನಾಗಿ ಕೊರಳಿನ ಕರಿದಾರಕ್ಕೆ ಹೋಯಿತು. ಸುನಿತಾ ಮನಸ್ಸಿನಲ್ಲೇ ಕೂಗಿದಳು: ಹೇಳೋ ಅಣ್ಣಾ, ಹೇಳೋ!

"ಒಡೆದೆ."

"ಯಾಕೆ?"

"ಗಾಡಿಗೆ... ರಕ್ತ ತಾಗಿತ್ತು."

"ಯಾರ ರಕ್ತ?"

ಅವನು ಹಾಲಿನಲ್ಲಿ ಕೂತಿದ್ದ ಠಾಣೆ ಸಾಹೇಬರನ್ನು ನೋಡಲಿಲ್ಲ, ವಕೀಲರನ್ನೂ ನೋಡಲಿಲ್ಲ. ಹಿಂದಿನ ಬೆಂಚಿನಲ್ಲಿ ವಾಕರ್ ಹಿಡಿದು ಕೂತಿದ್ದ ಚಿಕ್ಕಕ್ಕನನ್ನು ನೋಡಿದ. "ಆ ಅವ್ವಂದು. ನಾನೇ ಗುದ್ದಿದ್ದು ಸ್ವಾಮಿ."

ನ್ಯಾಯಾಧೀಶರು ಒಂದೊಂದೇ ಮಾತು ಹೇಳಿ ಬರೆಸತೊಡಗಿದರು. ಟೈಪಿಸ್ಟನ ಬೆರಳು ಟಕಟಕ ಓಡಿತು. ಸುನಿತಾ ಚಪ್ಪಲಿಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು.

ಹೊರಗೆ ಜಗಲಿಯಲ್ಲಿ ಬಾಲರಾಜು ತಲೆತಗ್ಗಿಸಿ ಹೊರಟಾಗ ಚಿಕ್ಕಕ್ಕ ವಾಕರನ್ನು ಅವನಿಗೆ ಅಡ್ಡ ಇಟ್ಟಳು.

"ಏನಪ್ಪಾ, ಜೀಪಿಗೆ ಶಾಂತಿ ಮಾಡ್ಸಿದ್ಯಲ್ಲ, ಆಸ್ಪತ್ರೆಗೆ ಬಂದು ನನ್ನ ಮುಖ ನೋಡೋಕೇನಾಗಿತ್ತು ನಿಂಗೆ?"

"ಹೆದರಿದ್ದೆ ಕಣವ್ವಾ."

"ನಾನೇನ್ ಕಚ್ತಿದ್ನಾ?"

ಅವನು ಬಗ್ಗಿ ಅವಳ ಕಾಲು ಮುಟ್ಟಲು ಹೋದ. "ಏಯ್, ಆ ಕಾಲಲ್ಲ!" ಎಂದು ಚಿಕ್ಕಕ್ಕ ಚೀರಿದಳು. "ಅದಿನ್ನೂ ರಿಪೇರಿ ಆಗ್ಬೇಕು!"

ಸುನಿತಾ ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಕೂಗುತ್ತಿದ್ದಳು. "ಚಾಚಾ! ಒಪ್ಪಿಕೊಂಡ ಚಾಚಾ!" ಆ ಕಡೆ ತಗಡು ಬಡಿಯುವ ಸದ್ದು ಥಟ್ಟನೆ ನಿಂತಿತು.