ಹದಿನೈದನೇ ನಂಬರಿನ ಜೆರ್ಸಿ

ನನ್ನ ಗಂಡನನ್ನು ತಂಡದಿಂದ ತೆಗೆದುಹಾಕಿದ್ದು ನಾನೇ. ಅದರಲ್ಲಿ ಮುಚ್ಚಿಡುವುದೇನಿದೆ, ಊರೆಲ್ಲ ನೋಡಿದೆ. ತೆಗೆದದ್ದು ಸರಿ ಅಂತ ಆವತ್ತೂ ಹೇಳಿದ್ದೆ, ಇವತ್ತೂ ಹೇಳುತ್ತೇನೆ.

ಮೂರನೇ ಕೇರಿಯ ಬಾಸ್ಕೆಟ್‌ಬಾಲ್ ತಂಡಕ್ಕೆ ನಾನು ಕೋಚ್. ಮೊದಲು ನನ್ನ ಅಪ್ಪ ಇದ್ದರು. ಅವರು ತೀರಿಕೊಂಡ ಮೇಲೆ ವಿಸಿಲ್ಲು ನನ್ನ ಕೊರಳಿಗೆ ಬಿತ್ತು. ಹೆಂಗಸು ಕೋಚಂತೆ ಅಂತ ಐದನೇ ಕೇರಿಯವರು ಶುರುವಿನಲ್ಲಿ ನಕ್ಕರು. ಆದರೆ ಊರಿನಲ್ಲಿ ಊಟದ ಹೋಟೆಲು ಇರುವುದು ನನ್ನದೊಂದೇ. ಹಸಿದವರು ಎಷ್ಟು ದಿನ ಅಂತ ನಗುತ್ತಾರೆ?

ನನ್ನ ಗಂಡ ಬೆರ್ತಿಂಗ್ ಅದೇ ತಂಡದ ಹದಿನೈದನೇ ನಂಬರು. ಮದುವೆಗೂ ಮುಂಚಿನಿಂದ ಆ ನಂಬರು ಅವನದೇ. ರಿಂಗಿನ ಕೆಳಗೆ ನಿಂತು, ಬಂದ ಬಾಲು ಹಿಡಿದು, ಬುಟ್ಟಿಗೆ ಹಾಕುವುದು ಅವನ ಕೆಲಸ. ವಯಸ್ಸಾಗುತ್ತಾ ಹಾಕುವುದು ಹೋಯಿತು, ಆಮೇಲೆ ಹಿಡಿಯುವುದೂ ಹೋಯಿತು. ನಿಲ್ಲುವುದೊಂದು ಉಳಿದಿತ್ತು. ಆದರೂ ಊರಹಬ್ಬದ ಆ ಒಂದು ತಿಂಗಳು ಜನ ಅವನನ್ನು ಹೆಸರು ಹಿಡಿದು ಕೂಗುತ್ತಿದ್ದರು. ಉಳಿದ ಹನ್ನೊಂದು ತಿಂಗಳು ಅವನು ಹೋಟೆಲಿನವಳ ಗಂಡ.

ಹಬ್ಬಕ್ಕೆ ಮುಂಚೆ ನಮ್ಮ ಊರಿನ ಮುಖ್ಯಸ್ಥರು, ಕಪಿತಾನರು, ಎಲ್ಲ ಕೇರಿಯವರನ್ನೂ ಪಂಚಾಯ್ತಿ ಕಟ್ಟೆಗೆ ಕರೆಯುತ್ತಾರೆ. ಹೊಸ ಆಟಗಾರರನ್ನು, ಅವರು ಯಾವ ಕೇರಿಯವರಾದರೂ ಸರಿ, ಒಂದೊಂದು ತಂಡವೂ ಸರದಿಯ ಮೇಲೆ ಆರಿಸಿಕೊಳ್ಳಬೇಕು. ಟೀವಿಯಲ್ಲಿ ದೊಡ್ಡ ತಂಡಗಳು ಮಾಡುವುದನ್ನು ನೋಡಿ ಅವರು ತಂದ ಪದ್ಧತಿ ಇದು. ತಂಡಕ್ಕೆ ಹನ್ನೆರಡೇ ಜೆರ್ಸಿ. ಹನ್ನೆರಡೂ ತುಂಬಿದ್ದರೆ, ಒಬ್ಬನನ್ನು ತೆಗೆದುಕೊಳ್ಳಲು ಒಬ್ಬನನ್ನು ಬಿಡಬೇಕು. ಬಿಟ್ಟವನೂ ಹೊಸಬರ ಜೊತೆ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು, ಯಾರಾದರೂ ಕರೆಯುವ ತನಕ.

ಆ ವರ್ಷ ಎಲ್ಲರ ಬಾಯಲ್ಲೂ ನಾಲ್ಕನೇ ಕೇರಿಯ ರೇಮಾರ್ಕ್. ಹತ್ತೊಂಬತ್ತರ ಹುಡುಗ, ಕುಳ್ಳ, ದೂರದಿಂದ ಎಸೆದರೆ ತಪ್ಪುವುದೇ ಇಲ್ಲ ಅಂತ ಸುದ್ದಿ. ನಾವು ನೋಡಲು ಹೋದೆವು. ಕೊಯ್ಲಿನ ಕಾಲ, ಕೋರ್ಟಿನ ತುಂಬಾ ಅವನ ಅಜ್ಜಿಯ ಭತ್ತ ಒಣಗಲು ಹರವಿತ್ತು. ರಿಂಗಿನ ಬುಡದಿಂದ ಹಿಡಿದು ಮುಕ್ಕಾಲು ಕೋರ್ಟು ಭತ್ತವೇ. ಎಡಗಡೆ ಮೂಲೆಯಲ್ಲಿ ಒಂದು ಚಾಪೆಯಷ್ಟು ಜಾಗ ಖಾಲಿ. ಅಜ್ಜಿ ಬಿದಿರುಕೋಲು ಹಿಡಿದು ನೆರಳಿನಲ್ಲಿ ಕೂತಿದ್ದಳು. ಭತ್ತದ ಮೇಲೆ ಬಾಲು ಬಿದ್ದರೆ ಸುಮ್ಮನಿರುತ್ತಿದ್ದಳು, ಕಾಲು ಬಿದ್ದರೆ ಇಲ್ಲ.

ಹುಡುಗ ಆ ಮೂಲೆಯಲ್ಲಿ ನಿಂತು ಎಸೆದ. ಬುಟ್ಟಿಯೊಳಗೆ ಬಿತ್ತು. ಭತ್ತ ಗೋರುವ ಹಲಗೆಯಿಂದ ಬಾಲನ್ನು ಎಳೆದುಕೊಂಡು ಮತ್ತೆ ಎಸೆದ. ಮತ್ತೆ ಬಿತ್ತು. ನೋಡಿ ನೋಡಿ ನಮಗೇ ಸಾಕಾಯಿತು, ಅವನಿಗೆ ಆಗಲಿಲ್ಲ.

ಮಧ್ಯಾಹ್ನ ಹೋಟೆಲಿನಲ್ಲಿ ಚರ್ಚೆಗೆ ಕೂತೆವು. ಒಂದು ಕಡೆ ಪಂಚಾಯ್ತಿ ಮೆಂಬರ್ ನೆಸ್ತೋರ್. ಜೆರ್ಸಿ ಕೊಡಿಸುವವನು ಅವನೇ, ಹಾಗಾಗಿ ಜೆರ್ಸಿಯ ಬೆನ್ನಿಗೆ ನಂಬರಿಗಿಂತ ದೊಡ್ಡದಾಗಿ ಅವನ ಮುಖ ಇರುತ್ತದೆ. ಇನ್ನೊಂದು ಕಡೆ ನನ್ನ ತಮ್ಮ ಬೊಯೆತ್, ಬಾಡಿಗೆ ಟ್ರೈಸಿಕಲ್ ಓಡಿಸುತ್ತಾನೆ, ತಂಡಕ್ಕೆ ನನ್ನ ಕೈಕೆಳಗಿನ ಕೋಚು. ಬೆರ್ತಿಂಗ್ ಹಂದಿಮಾಂಸದ ಹುಳಿಸಾರು ಬಡಿಸುತ್ತಿದ್ದ. ಅವನೆದುರು ಅವನ ಹೆಸರು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಅದಕ್ಕೆ ನಂಬರು ಹೇಳಿದರು.

“ಹುಡುಗನ್ನ ಬಿಟ್ರೆ ಐದನೇ ಕೇರಿಯೋರು ಎತ್ತಾಕ್ಕೊಂಡು ಹೋಗ್ತಾರೆ,” ಅಂದ ನೆಸ್ತೋರ್. “ಹದಿನೈದನೇ ನಂಬರು ಹೋದ್ಸಲ ಹಬ್ಬದಲ್ಲಿ ಎಷ್ಟು ಪಾಯಿಂಟು ಮಾಡಿದ್ದು, ಹೇಳಿ ನೋಡೋಣ.”

“ಎರಡು,” ಅಂದ ಬೊಯೆತ್.

“ಒಂದು ಆಟಕ್ಕಾ?”

“ಇಲ್ಲ, ಹಬ್ಬಕ್ಕೆ.”

“ನಾಲ್ಕು,” ಅಂದ ಬೆರ್ತಿಂಗ್, ಅನ್ನದ ತಟ್ಟೆ ಇಡುತ್ತಾ.

“ಇನ್ನೆರಡು ನಮ್ಮ ರಿಂಗಿಗೇ ಹಾಕಿದ್ದಲ್ವಾ ಭಾವ? ಅದೂ ಲೆಕ್ಕಕ್ಕಾ?”

ಬೆರ್ತಿಂಗ್ ಒಳಗೆ ಹೋಗಿ ಸಾರು ತಂದ.

“ಆದ್ರೂ ಅಕ್ಕ,” ಬೊಯೆತ್ ನನ್ನ ಕಡೆ ತಿರುಗಿದ, “ರಿಂಗಿನ ಕೆಳಗೆ ಉದ್ದದ ಆಳು ಒಬ್ಬ ಬೇಕಲ್ವಾ? ಹದಿನೈದನೇ ನಂಬರು ಓಡದೆ ಇದ್ರೂ ಅಡ್ಡ ಅಂತೂ ಇರುತ್ತೆ.”

“ಅಡ್ಡ ಇರೋಕೆ ಕಂಬ ಸಾಕು ಕಣೋ. ಕಂಬಕ್ಕೆ ಜೆರ್ಸಿ ಯಾಕೆ?” ಅಂದ ನೆಸ್ತೋರ್.

ಬೆರ್ತಿಂಗ್ ಅವನ ಬಟ್ಟಲಿಗೆ ಸಾರು ಹಾಕಿದ. “ಆ ಹುಡುಗ ಒಂದು ಹೆಜ್ಜೆನೂ ಒಳಗೆ ಇಡ್ಲಿಲ್ಲ,” ಅಂದ.

“ಭತ್ತ ಇತ್ತಲ್ಲೋ ಮಾರಾಯ! ತುಳ್ಕೊಂಡು ಹೋಗ್ಬೇಕಿತ್ತಾ?”

“ಅದೇ ಹೇಳ್ತಿರೋದು,” ಅಂದ ಬೆರ್ತಿಂಗ್. “ಅಲ್ಲಿ ಯಾವಾಗ್ಲೂ ಯಾರದ್ದಾದ್ರೂ ಭತ್ತ ಇರುತ್ತೆ.”

ಹೊಟ್ಟೆಕಿಚ್ಚು ಅಂತ ಎಲ್ಲರಿಗೂ ಅನ್ನಿಸಿತು. ಭತ್ತ ತುಳಿಯದ ಹುಡುಗನಲ್ಲಿ ತಪ್ಪು ಹುಡುಕುವುದು ನಮ್ಮೂರಲ್ಲಿ ಎಲ್ಲಾದರೂ ಉಂಟೇ? ಒಳ್ಳೆಯ ಮನೆಯ ಹುಡುಗ ಅಂತ ಅದನ್ನು ಮೆಚ್ಚಿಕೊಂಡೇ ಬಂದಿದ್ದೆವು ನಾವು.

“ಸಾರು ಆರ್ತಾ ಇದೆ, ಆ ಕಡೆ ಟೇಬಲ್ಲಿಗೆ ಕೊಡು ಹೋಗು,” ಅಂದೆ ನಾನು. ಅವನು ಹೋದ. ಚರ್ಚೆ ಅಲ್ಲಿಗೆ ಮುಗಿಯಿತು.

ಭಾನುವಾರ ಚರ್ಚಿನಲ್ಲಿ ಪೂಜೆ ಬಿಟ್ಟ ಮೇಲೆ ಆಯ್ಕೆ. ನಾನು ಎದ್ದು ನಿಂತು ರೇಮಾರ್ಕನ ಹೆಸರು ಹೇಳಿದೆ. “ಯಾರನ್ನ ಬಿಡ್ತೀಯಮ್ಮ?” ಅಂತ ಕಪಿತಾನರು ಕೇಳಿದರು. ಹದಿನೈದನೇ ನಂಬರು ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಮತ್ತೆ ಹಾಕಿಕೊಂಡರು. ಬೆರ್ತಿಂಗ್ ನನ್ನ ಪಕ್ಕದಿಂದ ಎದ್ದ. ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ತಾನೇ ಎತ್ತಿಕೊಂಡು ಹೋಗಿ ಆ ಸಾಲಿನಲ್ಲಿ, ಮೀಸೆ ಬಾರದ ಹುಡುಗರ ಪಕ್ಕ ಕೂತ.

ಒಬ್ಬೊಬ್ಬರೇ ಎದ್ದುಹೋದರು. ಸಾಲು ಕರಗಿತು. ಕೊನೆಗೆ ಬೆರ್ತಿಂಗ್ ಒಬ್ಬ, ಅವನ ಪಕ್ಕ ಒಂದು ಖಾಲಿ ಕುರ್ಚಿ. ಐದನೇ ಕೇರಿಯ ಕೋಚು ಇಸ್ಕೊನ ಸರದಿ. ಕ್ಷೌರದಂಗಡಿಯವನು ಅವನು. ತುಂಬಾ ಹೊತ್ತು ಯೋಚನೆ ಮಾಡಿ, ಖಾಲಿ ಕುರ್ಚಿಯವನು ಯಾರು ಅಂತ ವಿಚಾರಿಸಿದ. ಅವನು ಮನಿಲಾಗೆ ಹೋಗಿಬಿಟ್ಟಿದ್ದಾನೆ ಅಂದರು.

“ವಾಪಸ್ ಬರಲ್ವಾ?”

“ಬರಲ್ಲ.”

“ಸರಿ ಹಾಗಾದ್ರೆ,” ಅಂದ ಇಸ್ಕೊ. “ಬೆರ್ತಿಂಗಣ್ಣನೇ ಬರ್ಲಿ.”

ನನ್ನ ಗಂಡನನ್ನು ನಾನು ಬಿಟ್ಟದ್ದು ಬೇರೆ, ಉಳಿದವರು ಹೀಗೆ ಬಿಡುವುದು ಬೇರೆ. ಇಸ್ಕೊನಿಗೆ ವಾರಪೂರ್ತಿ ತಳ ಹಿಡಿದ ಅನ್ನ ಹಾಕಿದೆ.

ಮನೆಯಲ್ಲಿ ಬೆರ್ತಿಂಗ್ ಹಳೆಯ ಜೆರ್ಸಿಯನ್ನು ಒಗೆದು, ನೆಸ್ತೋರನ ಮುಖ ಒಳಗೆ ಬರುವ ಹಾಗೆ ಮಡಚಿ ನನ್ನ ಕೈಗೆ ಕೊಟ್ಟ. ಬೈದಿದ್ದರೆ ನಾನೂ ಬೈಯಬಹುದಿತ್ತು.

ರೇಮಾರ್ಕ್ ಹೆಸರು ಉಳಿಸಿದ. ಎಡಗಡೆ ಮೂಲೆಗೆ ಹೋಗಿ ನಿಲ್ಲುತ್ತಿದ್ದ, ಬಾಲು ಕೊಟ್ಟರೆ ಮುಗಿಯಿತು. ಅಷ್ಟು ದೂರ ಬಂದು ಯಾರೂ ಅವನನ್ನು ತಡೆಯುತ್ತಿರಲಿಲ್ಲ. ನಮ್ಮೂರಲ್ಲಿ ತಡೆಯುವವರೆಲ್ಲ ರಿಂಗಿನ ಕೆಳಗೇ ಇರುತ್ತಾರೆ. ಆಡಿದ ಆಟವೆಲ್ಲ ಗೆದ್ದು ಫೈನಲ್ಲಿಗೆ ಬಂದೆವು. ಎದುರಿಗೆ ಐದನೇ ಕೇರಿ. ಗೆದ್ದವರಿಗೆ ಒಂದು ಹಂದಿ.

ಆಟ ಶುರುವಾದಾಗ ಬೆರ್ತಿಂಗ್ ಐದನೇ ಕೇರಿಯ ಬೆಂಚಿನಲ್ಲಿದ್ದ. ಅರ್ಧ ಆಟ ಆಗುವಷ್ಟರಲ್ಲಿ ನಾವು ತುಂಬಾ ಮುಂದಿದ್ದೆವು. ಆಗ ಅವನು ಇಸ್ಕೊನ ಕಿವಿಯಲ್ಲಿ ಏನೋ ಹೇಳಿ ಎದ್ದುಬಂದ. ರಿಂಗಿನ ಕಡೆ ಹೋಗಲೇ ಇಲ್ಲ. ನೇರ ಎಡಗಡೆ ಮೂಲೆಗೆ ನಡೆದ, ರೇಮಾರ್ಕನ ಮುಂದೆ ನಿಂತ, ಎರಡೂ ಕೈ ಮೇಲೆತ್ತಿದ. ಅಷ್ಟೇ. ನಿಲ್ಲುವುದೊಂದು ಬರುತ್ತಿತ್ತಲ್ಲ, ಅದನ್ನೇ ಮಾಡಿದ.

ರೇಮಾರ್ಕ್ ಎಸೆದ, ಬೆರ್ತಿಂಗನ ಕೈಗೆ ತಗಲಿತು. ಮತ್ತೆ ಎಸೆದ, ಹೊರಗೆ ಹೋಯಿತು. “ಒಳಗೆ ನುಗ್ಗೋ! ಪಕ್ಕದಿಂದ ನುಗ್ಗೋ ಕತ್ತೆ!” ಅಂತ ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಹುಡುಗ ದೂರದಿಂದ ಎಸೆಯುವ ಗೆರೆಯ ತನಕ ಓಡಿ ಅಲ್ಲೇ ಗಕ್ಕನೆ ನಿಂತುಬಿಡುತ್ತಿದ್ದ. ಗುಡಿಸಿ ತೊಳೆದ ಸಿಮೆಂಟು ನೆಲ, ಅದರ ಮೇಲೆ ಏನೂ ಇರಲಿಲ್ಲ. ನಿಂತವನು ಕಾಲ ಕೆಳಗೆ ನೋಡಿಕೊಳ್ಳುತ್ತಿದ್ದ. ಆಗ ನನಗೆ ಗೊತ್ತಾಯಿತು. ಗೊತ್ತಾಗಿ ಏನು ಮಾಡುವುದು, ಐದನೇ ಕೇರಿಯವರು ಒಂದೊಂದಾಗಿ ಬುಟ್ಟಿಗೆ ಹಾಕಿ ನಮ್ಮನ್ನು ದಾಟಿಬಿಟ್ಟಿದ್ದರು.

ಕೊನೆಯ ಗಳಿಗೆ, ಒಂದು ಪಾಯಿಂಟು ಹಿಂದಿದ್ದೇವೆ, ಬಾಲು ರೇಮಾರ್ಕನ ಕೈಯಲ್ಲಿ. ಬೆವರಿಗೋ ಅಳುವಿಗೋ ಅವನ ಮುಖವೆಲ್ಲ ಒದ್ದೆ. ಬೆರ್ತಿಂಗ್ ಅವನನ್ನೇ ನೋಡುತ್ತಿದ್ದ. ಆಮೇಲೆ ಕೈ ಇಳಿಸಿ, ಬಾಗಿಲು ಬಿಟ್ಟವನ ಹಾಗೆ ಪಕ್ಕಕ್ಕೆ ಸರಿದ.

“ಹೋಗೋ ಮಗಾ,” ಅಂದ. “ಭತ್ತ ಇಲ್ಲ.”

ಹುಡುಗ ಹೋದ. ನೀರಿಗೆ ಇಳಿಯುವವನಂತೆ ಕಾಲೆತ್ತಿ ಎತ್ತಿ ಇಡುತ್ತಾ ರಿಂಗಿನ ಬುಡಕ್ಕೇ ಹೋದ. ಅವನು ಒಳಗೆ ಬರುತ್ತಾನೆಂದು ಯಾರೂ ಎಣಿಸಿರಲಿಲ್ಲ, ಅಡ್ಡ ಬರಲಿಲ್ಲ. ಅಲ್ಲಿಂದ, ಮೂಲೆಯಿಂದ ಎಸೆಯುವಷ್ಟೇ ಜೋರಾಗಿ ಎಸೆದ. ಬಾಲು ಹಲಗೆಗೆ ಬಡಿದು ನನ್ನ ತಲೆಯ ಮೇಲಿಂದ ಹೋಯಿತು. ವಿಸಿಲ್ ಆಯಿತು. ಊರೆಲ್ಲ ಹೆಸರು ಹಿಡಿದು ಕೂಗಿತು, ಬೆರ್ತಿಂಗ್, ಬೆರ್ತಿಂಗ್ ಅಂತ.

ಹಂದಿಯನ್ನು ಬೇಯಿಸುವುದು ಯಾರು? ಊರಿನಲ್ಲಿ ಹೋಟೆಲು ಒಂದೇ. ಐದನೇ ಕೇರಿಯವರೆಲ್ಲ ಬಂದು ಕೂತರು, ಬೆರ್ತಿಂಗೂ ಅವರ ಜೊತೆ ಬೆಂಚಿನ ಮೇಲೆ ಕೂತ. ನನ್ನ ಹೋಟೆಲಿನಲ್ಲಿ ಅವನು ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವನಿಗೆ ಬಡಿಸಿದೆ.

“ಕೊನೆಗೆ ಯಾಕಣ್ಣ ಜಾಗ ಬಿಟ್ಟೆ? ನನ್ನ ಜೀವವೇ ಹೋಗಿತ್ತಲ್ಲ,” ಅಂದ ಇಸ್ಕೊ.

“ಅವನಿಗೆ ಹತ್ತಿರದಿಂದ ಹಾಕೋಕೆ ಬರಲ್ಲ. ಯಾವತ್ತೂ ಹಾಕಿಲ್ಲ.”

“ನಿಂಗೆ ಹೆಂಗೆ ಗೊತ್ತು?”

“ಅವನ ಕೇರಿ ಕೋರ್ಟಲ್ಲಿ ಯಾವಾಗ್ಲೂ ಭತ್ತ. ಇವರಿಗೆಲ್ಲ ಇಲ್ಲೇ ಹೇಳಿದ್ದೆ ಆವತ್ತು,” ಅಂದ ಬೆರ್ತಿಂಗ್, ಮೂಳೆ ಚೀಪುತ್ತಾ. “ಸಾರು ಬಡಿಸುವಾಗ.”

ಕುಟುಕಿ ಹೇಳಿದ್ದಲ್ಲ. ಕೇಳಿದರು, ಹೇಳಿದ. ನಾನು ಸೌಟು ಹಿಡಿದುಕೊಂಡು ಒಳಗೆ ಹೋಗಿ ಅವನಿಗೆ ಇನ್ನಷ್ಟು ಸಾರು ತಂದೆ.

ಬೆಳಿಗ್ಗೆ ಎದ್ದಾಗ ಅವನು ಮನೆಯಲ್ಲಿರಲಿಲ್ಲ. ನಮ್ಮ ಭತ್ತದ ಮೂಟೆಗಳೂ ಇರಲಿಲ್ಲ. ಕೋರ್ಟಿಗೆ ಹೋಗಿ ನೋಡಿದರೆ, ಬೆರ್ತಿಂಗ್ ಭತ್ತವನ್ನು ಅಂಚಿನ ಸುತ್ತ ಹರವಿದ್ದ. ಎಡಗಡೆ ಮೂಲೆ ಪೂರ್ತಿ ಭತ್ತ. ರಿಂಗಿನ ಬುಡ ಮಾತ್ರ ಖಾಲಿ. ಆ ಖಾಲಿ ಜಾಗದಲ್ಲಿ ರೇಮಾರ್ಕ್ ನಿಂತಿದ್ದ, ಹೊರಗೆ ಬರಲು ದಾರಿಯಿಲ್ಲದೆ. ಬೆರ್ತಿಂಗ್ ಅವನ ಕೈಗೆ ಬಾಲು ಕೊಟ್ಟು, “ಮೆತ್ತಗೆ, ಮೆತ್ತಗೆ ಇಡು, ಎಸೀಬೇಡ,” ಅನ್ನುತ್ತಿದ್ದ.

“ಹಬ್ಬ ಮುಗೀತಲ್ಲ, ಇನ್ನೇನಿದು?” ಅಂತ ಆಚೆಯಿಂದ ಕೂಗಿದೆ.

“ಮುಂದಿನ ವರ್ಷಕ್ಕೆ,” ಅಂದ ತಿರುಗಿ ನೋಡದೆ. “ನಿನ್ನ ತಂಡಕ್ಕೆ ಬೇಕಾಗುತ್ತೆ.”

ಮದುವೆಯಾದಂದಿನಿಂದ ಅವನ ಬಾಯಲ್ಲಿ ಅದು ನಮ್ಮ ತಂಡ. ಸೋತು ಸುಣ್ಣವಾಗಿ ಬಂದಾಗಲೂ ನಮ್ಮ ತಂಡ ಅಂತಲೇ ಅನ್ನುತ್ತಿದ್ದ. ನಾನು ಚಪ್ಪಲಿ ಕಾಲಲ್ಲೇ ಭತ್ತದ ಮೇಲೆ ನಡೆದುಕೊಂಡು ಅವನ ಹತ್ತಿರ ಹೋದೆ.

“ಏಯ್! ಭತ್ತ, ಭತ್ತ!” ಅಂದ.

“ಇರ್ಲಿ ಬಿಡು,” ಅಂದೆ.